ಚಾರಣದ ನಡುವೆ ಜಲವರ್ಣ: ಆಕಾಶ ಪಟ್ಟೆಪಟ್ಟೆಯಾಗುವುದೇಕೆ?

ಪ್ರಶ್ನೆ: ಮುಂದಿನ ತಿಂಗಳು ಎಂಟು ದಿನಗಳ ಪರ್ವತ ಚಾರಣಕ್ಕೆ ಹೊರಟಿದ್ದೇನೆ. ಶಿಬಿರಗಳು 2,500ರಿಂದ 4,000 ಮೀಟರ್ ಎತ್ತರದಲ್ಲಿವೆ. ನಾಲ್ಕು ವರ್ಷದಿಂದ ಜಲವರ್ಣ ಮಾಡುತ್ತಿದ್ದೇನೆ. ಮನೆಯಲ್ಲಿ ಎ4 ಅಳತೆಯ ಹಾಳೆಯ ಮೇಲೆ ಆಕಾಶದ ವಾಶ್ (ನೀರು ಬೆರೆಸಿದ ತೆಳು ಬಣ್ಣದ ಸಮನಾದ ಲೇಪ) ಸಲೀಸಾಗಿ ಬರುತ್ತದೆ. ಆದರೆ ಹೋದ ವರ್ಷ ಬೆಟ್ಟದ ಮೇಲೆ ಒಂದು ಚಿತ್ರವೂ ನೆಟ್ಟಗೆ ಬರಲಿಲ್ಲ. ಆಕಾಶವೆಲ್ಲ ಪಟ್ಟೆಪಟ್ಟೆ, ನಡುವೆ ಹೂಕೋಸಿನಂಥ ಕಲೆಗಳು. ಹಿಡಿಯೊಳಗೇ ನೀರು ತುಂಬಿಸುವ ವಾಟರ್ ಬ್ರಶ್ ಚೀಲದೊಳಗೇ ಸೋರಿ ಸ್ಕೆಚ್‌ಬುಕ್ ನೆನೆಯಿತು. ಡಬ್ಬಿಯಲ್ಲಿ ಬಣ್ಣಗಳು ಒಂದರೊಳಗೊಂದು ಹರಿದವು. ಸಾಯಂಕಾಲ ಮಾಡಿದ ಚಿತ್ರ ಒಣಗಲೇ ಇಲ್ಲ. ದುಬಾರಿ ಹತ್ತಿ ಕಾಗದ ತಗೊಳ್ಳಿ ಎಂದು ಒಬ್ಬರು, ನೀರಿಗೆ ವೋಡ್ಕಾ ಬೆರೆಸಿ ಎಂದು ಇನ್ನೊಬ್ಬರು, ಅಲ್ಲೇ ಕೂತು ಮುಗಿಸದಿದ್ದರೆ ಅದು ಸ್ಥಳಚಿತ್ರವೇ ಅಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಜೊತೆಯವರು ಒಂದು ಕಡೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನಾನೇನು ಒಯ್ಯಲಿ, ಹೇಗೆ ಮಾಡಲಿ?

ಉತ್ತರ: ನೀವು ಹೇಳಿದ ನಾಲ್ಕೂ ತಾಪತ್ರಯಗಳ ಹಿಂದೆ ಇರುವುದು ನೀರು ಮತ್ತು ಗಾಳಿ. ಮನೆಯಲ್ಲಿ ವಾಶ್ ಎಷ್ಟು ಹೊತ್ತು ಹಸಿಯಾಗಿರುತ್ತದೆ ಎಂಬುದು ನಾಲ್ಕು ವರ್ಷದಲ್ಲಿ ನಿಮ್ಮ ಕೈಗೆ ಗೊತ್ತಾಗಿಬಿಟ್ಟಿದೆ, ಕೈ ಆ ಲೆಕ್ಕದಲ್ಲೇ ಓಡುತ್ತದೆ. ಬೆಟ್ಟದ ಮೇಲೆ ಆ ಲೆಕ್ಕ ತಪ್ಪುತ್ತದೆ. ಅಲ್ಲಿಗೆ ಹೊಸ ಲೆಕ್ಕ ಹಾಕಿಕೊಂಡರೆ ಸಾಕು, ಹೊಸದಾಗಿ ಚಿತ್ರ ಕಲಿಯಬೇಕಿಲ್ಲ.

ಸೋರಿದ ಬ್ರಶ್ಶನ್ನೇ ಮೊದಲು ನೋಡೋಣ, ಏಕೆಂದರೆ ಅದರ ಕಾರಣ ಕೈಯಲ್ಲಿ ಹಿಡಿದು ತೋರಿಸಬಹುದಾದಷ್ಟು ಸರಳ. ಎತ್ತರ ಏರಿದಂತೆ ವಾಯುಭಾರ ಇಳಿಯುತ್ತದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ 3,000 ಮೀಟರಿನಲ್ಲಿ ಅದು ಸುಮಾರು 70 ಶೇಕಡ, 4,000 ಮೀಟರಿನಲ್ಲಿ 60 ಶೇಕಡ ಚಿಲ್ಲರೆ. 1,000 ಮೀಟರ್ ಎತ್ತರದಲ್ಲಿ ಬ್ರಶ್ಶಿಗೆ ಅರ್ಧ ನೀರು ತುಂಬಿ ಮುಚ್ಚಿದಿರಿ, ಒಳಗೆ 3 ಮಿ.ಲೀ. ಗಾಳಿ ಉಳಿಯಿತು ಅನ್ನಿ. 4,000 ಮೀಟರ್ ತಲುಪುವಷ್ಟರಲ್ಲಿ ಆ ಗಾಳಿ ಹಿಗ್ಗಿ ಸುಮಾರು 4.4 ಮಿ.ಲೀ. ಜಾಗ ಕೇಳುತ್ತದೆ. ಹಿಗ್ಗಿದ ಗಾಳಿ ನೀರನ್ನು ಕೂದಲಿನ ತುದಿಯಿಂದ ಆಚೆ ತಳ್ಳುತ್ತದೆ. ಬಿಸ್ಕತ್ತಿನ ಪೊಟ್ಟಣ ಬೆಟ್ಟದ ಮೇಲೆ ಉಬ್ಬುವುದೂ ಇದಕ್ಕೇ. ಪರಿಹಾರ ಎರಡು: ಹತ್ತುವಾಗ ಬ್ರಶ್ಶನ್ನು ಖಾಲಿ ಒಯ್ದು ಕೂತ ಜಾಗದಲ್ಲೇ ತುಂಬುವುದು, ಇಲ್ಲವೇ ಗಾಳಿಗುಳ್ಳೆ ಉಳಿಯದಂತೆ ಕಂಠಪೂರ್ತಿ ತುಂಬುವುದು. ಮೊದಲನೆಯದೇ ಮೇಲು. ಬಳಸುವ ಮುನ್ನ ಒಮ್ಮೆ ಮುಚ್ಚಳ ಸಡಿಲಿಸಿ ಒಳಗಿನ ಒತ್ತಡ ಬಿಟ್ಟು ಮತ್ತೆ ಬಿಗಿ ಮಾಡಿ. ಟ್ಯೂಬ್ ಬಣ್ಣ ತೆರೆದ ಕೂಡಲೇ ಚಿಮ್ಮಿ ಬರುವುದಕ್ಕೂ ಇದೇ ಕಾರಣ. ಚಿಂದಿ ಬಟ್ಟೆ ಹಿಡಿದು ತೆರೆಯಿರಿ.

ನಿಜ ಹೇಳಬೇಕೆಂದರೆ ಆಕಾಶಕ್ಕೆ ವಾಟರ್ ಬ್ರಶ್ ಒಳ್ಳೆಯ ಸಾಧನವಲ್ಲ. ಬಳಿಯುತ್ತಿರುವಾಗಲೇ ಅದು ನೀರು ಬಿಡುತ್ತಿರುತ್ತದೆ, ಬಣ್ಣ ಒಂದೇ ಹದದಲ್ಲಿ ನಿಲ್ಲುವುದಿಲ್ಲ. ನಡೆಯುತ್ತ ನಿಂತು ಎರಡು ನಿಮಿಷದ ಗುರುತು ಹಾಕಿಕೊಳ್ಳಲು ಸರಿ. ವಾಶ್‌ಗೆ ಮುಚ್ಚಳವಿರುವ, 8ನೇ ಸಂಖ್ಯೆಯ ದುಂಡು ಟ್ರಾವೆಲ್ ಬ್ರಶ್ ಒಂದು, ಸಣ್ಣ ಕೆಲಸಕ್ಕೆ 4ನೇ ಸಂಖ್ಯೆಯದೊಂದು ಸಾಕು.

ಈಗ ಪಟ್ಟೆಗಳ ವಿಷಯ. "ಎತ್ತರದಲ್ಲಿ ಬಣ್ಣ ಬೇಗ ಒಣಗುತ್ತದೆ" ಎಂಬ ಮಾತು ಅರ್ಧ ನಿಜ. ವಾಯುಭಾರ ಕಡಿಮೆಯಾದಾಗ ನೀರಿನ ಆವಿ ಹಾಳೆಯಿಂದ ಬೇಗ ದೂರ ಸರಿಯುತ್ತದೆ, ಗಾಳಿ ಒಣಗಿರುತ್ತದೆ, ಬೀಸುತ್ತಲೂ ಇರುತ್ತದೆ, ಬಿಸಿಲು ಹಾಳೆಯನ್ನೇ ಕಾಯಿಸುತ್ತದೆ. ಇವೆಲ್ಲ ಸೇರಿದಾಗ ಮನೆಯಲ್ಲಿ ಐದಾರು ನಿಮಿಷ ಹಸಿಯಾಗಿರುವ ವಾಶ್ ಒಂದೆರಡು ನಿಮಿಷಕ್ಕೇ ಹೊಳಪು ಕಳೆದುಕೊಳ್ಳುತ್ತದೆ. ಆದರೆ ಬಿಸಿಲು ಸರಿದರೆ ಕಥೆ ತಿರುಗಾಮುರುಗಾ. ಎತ್ತರಕ್ಕೆ ಪ್ರತಿ 1,000 ಮೀಟರಿಗೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಣ್ಣಗಿನ ಗಾಳಿ ಸ್ವಲ್ಪ ತೇವಕ್ಕೇ ತುಂಬಿಹೋಗುತ್ತದೆ, ಮೋಡ ಕವಿದರಂತೂ ಹಾಳೆ ಗಂಟೆಗಟ್ಟಲೆ ಹಸಿ. ಹಾಗಾಗಿ ಮಧ್ಯಾಹ್ನ ಪಟ್ಟೆಯಾದ ಆಕಾಶ ಮತ್ತು ಸಾಯಂಕಾಲ ಒಣಗದ ಚಿತ್ರ ಎರಡೂ ಒಂದೇ ದಿನ, ಒಂದೇ ಬೆಟ್ಟದಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಪಟ್ಟೆ ಹುಟ್ಟುವುದು ಹೀಗೆ: ಹಾಳೆಯ ಅಗಲಕ್ಕೂ ಒಂದು ಗೆರೆ ಎಳೆದು ಮುಂದಿನ ಗೆರೆ ತರುವಷ್ಟರಲ್ಲಿ ಮೊದಲಿನದರ ಅಂಚು ಒಣಗಿರುತ್ತದೆ. ಒಣಗುವ ಅಂಚಿಗೆ ಬಣ್ಣದ ಕಣಗಳು ಹರಿದುಬಂದು ಸಾಲುಗಟ್ಟುತ್ತವೆ. ಅದನ್ನು ಸರಿಪಡಿಸಲು ನೀವು ನೀರಿನ ಬ್ರಶ್ ಮುಟ್ಟಿಸುತ್ತೀರಿ. ಅರೆ ಒಣಗಿದ ಜಾಗಕ್ಕೆ ಹೆಚ್ಚು ನೀರು ಬಿದ್ದಾಗ ಆ ನೀರು ಬಣ್ಣವನ್ನು ಹೊರಕ್ಕೆ ದೂಡುತ್ತದೆ. ನಿಮ್ಮ ಹೂಕೋಸು ಅದೇ. ತೇವ ಹೊಳೆಯುತ್ತಿರುವಾಗ ಕೈ ಹಾಕಬಹುದು, ಪೂರ್ತಿ ಒಣಗಿದ ಮೇಲೂ ಹಾಕಬಹುದು. ಹೊಳಪು ಹೋಗಿ ಮಂಕಾದ ಆ ನಡುವಿನ ಹೊತ್ತಿನಲ್ಲಿ ಕೈ ಹಾಕಲೇಬಾರದು. ಬೆಟ್ಟದ ಮೇಲೆ ಆ ನಡುವಿನ ಹೊತ್ತು ಬೇಗ ಬರುತ್ತದೆ, ಅಷ್ಟೇ.

ಇದಕ್ಕೆ ಅತ್ಯಂತ ಅಗ್ಗದ ಮದ್ದು ಹಾಳೆ ಚಿಕ್ಕದು ಮಾಡುವುದು. ಎ4 ಮನೆಯಲ್ಲೇ ಇರಲಿ. 56×76 ಸೆಂ.ಮೀ. ಅಳತೆಯ ಒಂದು ಪೂರ್ತಿ ಹಾಳೆ ತೆಗೆದುಕೊಂಡು 56ರ ಬದಿಯನ್ನು ನಾಲ್ಕಾಗಿ, 76ರ ಬದಿಯನ್ನು ಎಂಟಾಗಿ ಮಡಿಸಿ ಹರಿದರೆ ಚೂರೂ ವ್ಯರ್ಥವಾಗದೆ 14×9.5 ಸೆಂ.ಮೀ.ನ 32 ತುಂಡು ಬರುತ್ತವೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದಲ್ಲಿ ಒಂದೊಂದರ ತೂಕ 4 ಗ್ರಾಂ. ಎಂಟು ದಿನಕ್ಕೆ ಹದಿನಾರು ತುಂಡು ಒಯ್ದರೆ 64 ಗ್ರಾಂ ಆಯಿತು. ಈ ಅಳತೆಯಲ್ಲಿ ಆಕಾಶವೆಂದರೆ ಏಳೆಂಟು ಗೆರೆ, ಅರ್ಧ ನಿಮಿಷದ ಕೆಲಸ. ಒಣಗುವುದಕ್ಕೆ ಮೊದಲೇ ಮುಗಿದಿರುತ್ತದೆ. ಹಾಳೆ ಚಿಕ್ಕದಾದ್ದರಿಂದ ಸೊಟ್ಟಗಾಗುವುದೂ ಕಡಿಮೆ, ನೆನೆಸಿ ಬಿಗಿಯುವ ಗೋಜಿಲ್ಲ. 16×11 ಸೆಂ.ಮೀ.ನ ಒಂದು ಪ್ಲಾಸ್ಟಿಕ್ ರಟ್ಟಿಗೆ ಎರಡು ಕ್ಲಿಪ್ ಹಾಕಿ ಹಿಡಿಸಿದರೆ ಸಾಕು. ಅಂಟುಪಟ್ಟಿ ಚಳಿಗೆ ಬಿರುಸಾಗಿ ಎದ್ದುಬರುತ್ತದೆ, ಅದನ್ನು ನಂಬಬೇಡಿ.

ಹತ್ತಿ ಕಾಗದದ ಮಾತು ಬರೀ ಶೋಕಿಯಲ್ಲ. ಹತ್ತಿಯ ನಾರು ನೀರನ್ನು ಒಳಗೆ ಎಳೆದು ಹಿಡಿದಿಟ್ಟುಕೊಳ್ಳುತ್ತದೆ, ಮೇಲ್ಮೈ ಸ್ವಲ್ಪ ಹೆಚ್ಚು ಹೊತ್ತು ಹಸಿಯಾಗಿರುತ್ತದೆ. ಮರದ ತಿರುಳಿನ ಕಾಗದದ ಮೇಲೆ ನೀರು ಹೆಚ್ಚಾಗಿ ಮೇಲೇ ನಿಲ್ಲುತ್ತದೆ, ಗಾಳಿಗೆ ಹಾರಿಹೋಗುತ್ತದೆ. ಮನೆಯಲ್ಲಿ ಈ ವ್ಯತ್ಯಾಸ ಹೇಗೋ ನಡೆಯುತ್ತದೆ, ಒಣಗಾಳಿಯಲ್ಲಿ ನಡೆಯುವುದಿಲ್ಲ. ಆದರೆ ಗೆರೆ ಎಳೆದು ತೆಳು ಬಣ್ಣ ತುಂಬುವುದಷ್ಟೇ ನಿಮ್ಮ ಶೈಲಿಯಾದರೆ ಮಾಮೂಲಿ ಕಾಗದವೇ ಸಾಕು, ಅದರ ಮೇಲಿಂದ ಬಣ್ಣ ಎತ್ತುವುದೂ ಸುಲಭ. ಯಾವುದೇ ಆಗಲಿ, ಹಾಳೆಯನ್ನು ಅಂಚಿನಲ್ಲೇ ಹಿಡಿಯಿರಿ. ಸನ್‌ಸ್ಕ್ರೀನ್ ಹಚ್ಚಿದ ಬೆರಳು ತಾಗಿದ ಕಡೆ ಜಿಡ್ಡಿನಿಂದ ನೀರು ಹಿಡಿಯುವುದಿಲ್ಲ. ಮುಟ್ಟಿದಾಗ ಏನೂ ಕಾಣದು. ಆಕಾಶ ಬಳಿದ ಮೇಲೆ ನಿಮ್ಮದೇ ಹೆಬ್ಬೆಟ್ಟು ಬೆಳ್ಳಗೆ ಎದ್ದು ಕೂರುತ್ತದೆ.

ಡಬ್ಬಿಯಲ್ಲಿ ಬಣ್ಣ ಹರಿದದ್ದಕ್ಕೆ ಎರಡರಲ್ಲೊಂದು ಕಾರಣವಿರಬೇಕು. ಟ್ಯೂಬಿನಿಂದ ಹಿಂದಿನ ರಾತ್ರಿ ಹಿಂಡಿ ತುಂಬಿಕೊಂಡಿರಬಹುದು, ಅಥವಾ ನಿಮ್ಮದು ಜೇನು ಬೆರೆಸಿದ ಬಣ್ಣವಿರಬಹುದು. ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಅರಬಿ ಗೋಂದು, ಅದು ಒಣಗಿ ಬಿರುಕು ಬಿಡದಂತೆ ನೋಡಿಕೊಳ್ಳುವುದು ಗ್ಲಿಸರಿನ್ ಅಥವಾ ಜೇನು. ಜೇನು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಂಜು ಕವಿದ ಕಾಡಿನ ದಾರಿಯಲ್ಲಿ ಅಂಥ ಬಣ್ಣ ಮೆತ್ತಗಾಗಿ ಡಬ್ಬಿ ಓರೆಯಾದ ಕಡೆಗೆ ಜಾರುತ್ತದೆ. ಒಣ ಎತ್ತರದಲ್ಲಿ ಅದೇ ಬಣ್ಣ ಬಲು ಚೆಂದ ಕೆಲಸ ಮಾಡುತ್ತದೆ, ಬೇರೆಯವು ಬಿರುಕು ಬಿಟ್ಟು ಉದುರುವಾಗಲೂ ಇದು ಒದ್ದೆ ಬ್ರಶ್ ಸೋಕಿದ್ದೇ ತಡ ಕರಗುತ್ತದೆ. ನಿಮ್ಮ ದಾರಿಯಲ್ಲಿ ಎರಡೂ ಇರುವುದರಿಂದ ಜೇನಿಲ್ಲದ ಬಣ್ಣವೇ ಲೇಸು. ಟ್ಯೂಬಿನಿಂದ ತುಂಬುವುದಾದರೆ ಅರ್ಧ ಪ್ಯಾನಿಗೆ (ಡಬ್ಬಿಯಲ್ಲಿ ಬಣ್ಣ ಕೂರಿಸುವ ಪುಟ್ಟ ಬಟ್ಟಲಿಗೆ) ಎರಡು ಮೂರು ಪದರವಾಗಿ ತುಂಬಿ. ಪ್ರತಿ ಪದರ ಒಂದೆರಡು ದಿನ ಒಣಗಲಿ, ತುಂಬಿದ ಮೇಲೆ ಒಂದು ವಾರ ಮುಚ್ಚಳ ತೆರೆದಿಡಿ. ಅಂದರೆ ಮುಂದಿನ ತಿಂಗಳ ಪ್ರವಾಸಕ್ಕೆ ಈ ವಾರವೇ ಶುರುಮಾಡಬೇಕು. ದಿನದ ಕೆಲಸ ಮುಗಿದ ಮೇಲೆ ಡಬ್ಬಿಯನ್ನು ಒದ್ದೆಯಾಗಿಯೇ ಮುಚ್ಚಿದರೆ ಬೂಷ್ಟು ಬರುತ್ತದೆ. ಬಟ್ಟೆಯಿಂದ ತೇವ ಒತ್ತಿ ತೆಗೆದು ಮುಚ್ಚಿ.

ಬಣ್ಣಗಳೆಷ್ಟು? ಆರು. ಅಲ್ಟ್ರಾಮರೀನ್ (ನೀಲಿ), ಥ್ಯಾಲೊ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೊ ಓಕರ್ (ಮಣ್ಣಿನ ಹಳದಿ), ಕ್ವಿನಾಕ್ರಿಡೋನ್ ರೋಸ್ (ಗುಲಾಬಿ), ಕ್ಯಾಡ್ಮಿಯಂ ಇಲ್ಲದ ಒಂದು ತಿಳಿ ಹಳದಿ. ಬೆಟ್ಟದ ಚಿತ್ರದ ಮುಕ್ಕಾಲು ಪಾಲು ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದಲ್ಲೇ ಮುಗಿಯುತ್ತದೆ. ನೀಲಿ ಹೆಚ್ಚಿದರೆ ತಣ್ಣನೆಯ ಬೂದು, ಸಿಯೆನ್ನಾ ಹೆಚ್ಚಿದರೆ ಬಂಡೆಯ ಕಂದು, ಎರಡೂ ಗಟ್ಟಿಯಾಗಿ ಸೇರಿದರೆ ಕಪ್ಪಿನ ಕೆಲಸವನ್ನೂ ಮಾಡುತ್ತದೆ. ಅಲ್ಟ್ರಾಮರೀನಿನ ಕಣಗಳು ಕಾಗದದ ಗುಳಿಗಳಲ್ಲಿ ಕೂತು ಬಂಡೆಯ ತರಿಯನ್ನು ತಾವಾಗಿಯೇ ತೋರಿಸುತ್ತವೆ. ಥ್ಯಾಲೊ ಬ್ಲೂ ಬಲು ಖಾರ, ಬ್ರಶ್ಶಿನ ತುದಿಗೆ ತಾಗಿದಷ್ಟೇ ಸಾಕು. ಹದಿನಾರು ಚಿಕ್ಕ ಚಿತ್ರಗಳಿಗೆ ಯಾವ ಬಣ್ಣದ ಅರ್ಧ ಪ್ಯಾನೂ ಖಾಲಿಯಾಗುವುದಿಲ್ಲ, ಹೆಚ್ಚುವರಿ ಟ್ಯೂಬ್ ಹೊರಬೇಡಿ.

ಇಪ್ಪತ್ತು ನಿಮಿಷದಲ್ಲಿ ಹೇಗೆ

ಊಟಕ್ಕೆ ನಿಂತಾಗಲೇ ಚಿತ್ರಕ್ಕೂ ಕೂರಿ, ಆಗ ಜೊತೆಯವರಿಗೂ ಕಾಯುವ ಕಷ್ಟವಿಲ್ಲ. ಕೂರುವ ಮೊದಲು ಜಾಕೆಟ್ ಹಾಕಿಕೊಳ್ಳಿ. ಬೆವರಿದ ಮೈ ಐದು ನಿಮಿಷದಲ್ಲಿ ತಣ್ಣಗಾಗುತ್ತದೆ, ಬೆರಳು ಮರಗಟ್ಟಿದ ಮೇಲೆ ಎಂಥ ಬ್ರಶ್ ಇದ್ದರೂ ಅಷ್ಟೆ. ಬಿಸಿಲಿಗೆ ಬೆನ್ನು ಹಾಕಿ, ಹಾಳೆಯ ಮೇಲೆ ನಿಮ್ಮದೇ ನೆರಳು ಬೀಳಲಿ. ಬೇಕಾಗುವ ಮೂರ್ನಾಲ್ಕು ಪ್ಯಾನುಗಳ ಮೇಲೆ ಒಂದೊಂದು ಹನಿ ನೀರು ಬಿಟ್ಟು ಆಮೇಲೆ ಪೆನ್ಸಿಲ್ ಹಿಡಿಯಿರಿ. ಚಳಿಗೆ ಗಟ್ಟಿಯಾದ ಬಣ್ಣ ಅಷ್ಟರಲ್ಲಿ ಮೆತ್ತಗಾಗುತ್ತದೆ.

ಪೆನ್ಸಿಲಿನಲ್ಲಿ ಐದಾರು ಗೆರೆ ಸಾಕು: ಬೆಟ್ಟದ ಅಂಚು, ಹಿಮ ಮುಗಿಯುವ ಗೆರೆ, ದೊಡ್ಡ ನೆರಳುಗಳ ಹೊರಗೆರೆ. ನೆರಳನ್ನು ಮೊದಲೇ ಗುರುತಿಸಿಬಿಡಿ. ಚಿತ್ರ ಮುಗಿಯುವಷ್ಟರಲ್ಲಿ ಅದು ಬೇರೆ ಕಡೆ ಇರುತ್ತದೆ, ನೀವು ಅದರ ಹಿಂದೆ ಓಡಬಾರದು.

ಹಾಳೆ ಮುಟ್ಟುವ ಮುಂಚೆ ಬೇಕಾದ ಎಲ್ಲ ಬಣ್ಣ ಕಲಸಿಟ್ಟುಕೊಳ್ಳಿ. ಆಕಾಶಕ್ಕೊಂದು, ಹಿಮದ ನೆರಳಿಗೊಂದು, ಬಂಡೆಗೊಂದು. ಆಕಾಶದ್ದು ಬೇಕೆನಿಸಿದ್ದಕ್ಕಿಂತ ಎರಡು ಪಾಲು ಇರಲಿ. ನಡುವೆ ಬಣ್ಣ ಮುಗಿದು ಮತ್ತೆ ಕಲಸಲು ಹೋದಿರೋ, ಅಂಚು ಒಣಗಿತು ಅಂತಲೇ ಲೆಕ್ಕ.

ಈಗ ಹಾಳೆಯ ಹಿಂಬದಿಯನ್ನು ಒದ್ದೆ ಸ್ಪಂಜಿನಿಂದ ಒಮ್ಮೆ ಒರೆಸಿ ಕ್ಲಿಪ್ ಹಾಕಿ. ಕೆಳಗಿನ ತೇವ ಮೇಲ್ಮೈಯನ್ನು ಇನ್ನಷ್ಟು ಹೊತ್ತು ಹಸಿಯಾಗಿಡುತ್ತದೆ. ಆಮೇಲೆ ರಟ್ಟನ್ನು ತಲೆಕೆಳಗು ಮಾಡಿ, ನಿಮ್ಮ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿಯಿರಿ. ಬೆಟ್ಟದ ಅಂಚು ಈಗ ಮೇಲೆ, ನೆತ್ತಿಯ ಆಕಾಶ ಕೆಳಗೆ. ಅಂಚನ್ನು ಬಹಳ ತೆಳು ಬಣ್ಣದಲ್ಲಿ, ಹೆಚ್ಚುಕಡಿಮೆ ಬರೀ ನೀರಿನಲ್ಲಿ, ಸುತ್ತಿ ಬನ್ನಿ. ಸೂಕ್ಷ್ಮವಾದ, ನಿಧಾನದ ಕೆಲಸ ಇದೇ. ತೆಳು ನೀರು ಅಲ್ಲಲ್ಲಿ ಒಣಗಿದರೂ ಕಲೆ ಕಾಣುವುದಿಲ್ಲ. ಅಲ್ಲಿಂದ ಪ್ರತಿ ಗೆರೆಗೂ ಬಣ್ಣ ಗಟ್ಟಿ ಮಾಡುತ್ತ ಕೆಳಗಿಳಿಯಿರಿ. ಗೆರೆಯ ಕೆಳಗೆ ಮಣಿಯಂತೆ ನಿಲ್ಲುವ ನೀರಿನ ಸಾಲನ್ನು ಮುಂದಿನ ಗೆರೆ ಎಳೆದುಕೊಂಡು ಹೋಗಬೇಕು. ಕೊನೆಯಲ್ಲಿ ಉಳಿದ ಮಣಿಯನ್ನು ಹಿಂಡಿದ ಬ್ರಶ್ಶಿನಿಂದ ಹೀರಿ, ಕೈ ಎತ್ತಿ. ಮತ್ತೆ ಅಲ್ಲಿಗೆ ಹೋಗಬೇಡಿ.

ಇಷ್ಟು ಗಾಢ ನೀಲಿ ಸುಳ್ಳೆನಿಸಿದರೆ ಹೆದರಬೇಡಿ. ಎತ್ತರದಲ್ಲಿ ಬೆಳಕನ್ನು ಚದುರಿಸುವ ಗಾಳಿಯ ಪದರ ತೆಳುವಾದ್ದರಿಂದ ನೆತ್ತಿಯ ಆಕಾಶ ನಿಜಕ್ಕೂ ಕಪ್ಪು ಬೆರೆತ ನೀಲಿ. 18ನೇ ಶತಮಾನದ ಕೊನೆಯಲ್ಲಿ ಮೌಂಟ್ ಬ್ಲಾಂಕ್ ಏರಿದ ಸ್ವಿಸ್ ವಿಜ್ಞಾನಿ ಸೊಸ್ಯೂರ್ ಇದನ್ನು ಅಳೆಯಲೆಂದೇ ಬಿಳಿಯಿಂದ ಕಪ್ಪಿನವರೆಗೆ 53 ಹಂತಗಳ ನೀಲಿ ಚಕ್ರ ಮಾಡಿದ್ದ. ಅಲ್ಲದೆ ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ.

ಆಕಾಶ ಒಣಗುವವರೆಗೆ ಸುಮ್ಮನೆ ಕೂರಬೇಕಿಲ್ಲ. ಅದಕ್ಕೆ ತಾಗದ ಮುಂಭಾಗದ ಹುಲ್ಲು, ಬಂಡೆ ಮಾಡಿ. ಎರಡು ಹಸಿ ಜಾಗಗಳ ನಡುವೆ ಕೂದಲೆಳೆಯಷ್ಟು ಒಣ ಬಿಳಿ ಬಿಟ್ಟರೆ ಬಣ್ಣ ದಾಟುವುದಿಲ್ಲ, ಆ ಬಿಳಿ ಗೆರೆ ಚಿತ್ರಕ್ಕೂ ಹೊಳಪು ಕೊಡುತ್ತದೆ. ಹಿಮವೆಂದರೆ ಮುಟ್ಟದೆ ಬಿಟ್ಟ ಕಾಗದ. ಅದರ ನೆರಳಿಗೆ ಬೆಳಕು ಸಿಗುವುದು ಆಕಾಶದಿಂದ, ಹಾಗಾಗಿ ಅದು ನೀಲಿ: ಅಲ್ಟ್ರಾಮರೀನಿಗೆ ಒಂದಿಷ್ಟು ರೋಸ್. ಬೂದು ಬಳಿದರೆ ಹಿಮ ಹೋಗಿ ಸಿಮೆಂಟು ಕಾಣುತ್ತದೆ. ಇನ್ನೊಂದು ಮೋಸವಿದೆ. ಎತ್ತರದ ಗಾಳಿಯಲ್ಲಿ ಧೂಳು, ತೇವ ಕಡಿಮೆಯಾದ್ದರಿಂದ ಹತ್ತು ಕಿಲೋಮೀಟರ್ ಆಚೆಯ ಬೆಟ್ಟವೂ ಪಕ್ಕದಲ್ಲಿರುವಂತೆ ಚೂಪಾಗಿ ಕಾಣುತ್ತದೆ. ಕಂಡಂತೆಯೇ ಮಾಡಿದರೆ ಚಿತ್ರದಲ್ಲಿ ದೂರವೇ ಉಳಿಯುವುದಿಲ್ಲ. ದೂರದ ಸಾಲನ್ನು ಬೇಕೆಂದೇ ಒಂದು ಹಂತ ತಿಳಿ, ಒಂದು ಹಂತ ನೀಲಿ ಮಾಡಿ. ಕೊನೆಯ ಎರಡು ನಿಮಿಷಕ್ಕೆ ಹೆಚ್ಚು ನೀರಿಲ್ಲದ ಗಟ್ಟಿ ಬಣ್ಣದಲ್ಲಿ ಬಂಡೆಯ ಸಂದುಗಳನ್ನು ಹಾಕಿದರೆ ಮುಗಿಯಿತು.

ಕನ್ನಡಕದ ಬಗ್ಗೆ ಒಂದು ಎಚ್ಚರಿಕೆ. ಬಣ್ಣ ಸರಿಯಾಗಿ ಕಾಣಲಿ ಎಂದು ಹಿಮದ ಮೇಲೆ ತಂಪು ಕನ್ನಡಕ ತೆಗೆಯಬೇಡಿ. ಹೊಸ ಹಿಮ ನೇರಳಾತೀತ ಕಿರಣಗಳ 80 ಶೇಕಡದಷ್ಟನ್ನು ಹಿಂದಕ್ಕೆ ಎರಚುತ್ತದೆ, ಕಣ್ಣಿನ ಉರಿ ಗೊತ್ತಾಗುವುದು ಕೆಲವು ಗಂಟೆ ಕಳೆದ ಮೇಲೆ. ಕಂದು ಅಥವಾ ಹಳದಿ ಗಾಜು ನೀಲಿಯನ್ನು ಕೊಂದುಹಾಕುತ್ತದೆ, ಬೂದು ಗಾಜು ಬಣ್ಣಗಳನ್ನು ಹೆಚ್ಚು ಕೆಡಿಸದು. ಮನೆಯಲ್ಲೇ ಒಂದು ಕಾರ್ಡಿನ ಮೇಲೆ ನಿಮ್ಮ ಆರು ಬಣ್ಣಗಳನ್ನೂ ಮುಖ್ಯ ಮಿಶ್ರಣಗಳನ್ನೂ ಬಳಿದು ಹೆಸರು ಬರೆದು ಒಯ್ಯಿರಿ. ಕನ್ನಡಕದೊಳಗಿಂದ ದೃಶ್ಯವನ್ನೂ ಕಾರ್ಡನ್ನೂ ಒಟ್ಟಿಗೆ ನೋಡಿ ಹೋಲಿಸಿದರೆ ಬಣ್ಣ ತಪ್ಪುವುದಿಲ್ಲ.

ವೋಡ್ಕಾ ಮತ್ತು ಇತರ ಬೆರಕೆಗಳು

40 ಶೇಕಡದ ಮದ್ಯ ಒಂದು ಪಾಲಿಗೆ ನೀರು ಎರಡು ಪಾಲು ಸೇರಿಸಿದರೆ ಸುಮಾರು ಮೈನಸ್ 5 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಇದು ನಿಜ. ಆದರೆ ಹಾಳೆಯ ಮೇಲೆ ಮದ್ಯ ಮೊದಲು ಹಾರುತ್ತದೆ, ಉಳಿದ ನೀರು ಆಗಲೂ ಹೆಪ್ಪುಗಟ್ಟಬಹುದು. ಮದ್ಯ ನೀರಿನ ಮೇಲ್ಮೈಯ ಬಿಗಿತ ಕಡಿಮೆ ಮಾಡುವುದರಿಂದ ಬಣ್ಣ ಅಂಕೆ ಮೀರಿ ಹರಡುತ್ತದೆ. ಅರಬಿ ಗೋಂದು ಮದ್ಯದಲ್ಲಿ ಕರಗುವುದಿಲ್ಲ, ಹೆಚ್ಚು ಹಾಕಿದರೆ ಬಣ್ಣ ಒಡೆದು ಗಂಟುಗಂಟಾಗುತ್ತದೆ. ಮುಖ್ಯವಾಗಿ, ನಿಮಗೆ ಬಿಸಿಲಿನಲ್ಲಿ ಕಾಡುವುದು ಬೇಗ ಒಣಗುವ ಸಮಸ್ಯೆ, ಮದ್ಯ ಅದನ್ನು ಇನ್ನೂ ಹೆಚ್ಚಿಸುತ್ತದೆ. ಶೂನ್ಯಕ್ಕಿಂತ ಕೆಳಗಿನ ಮುಂಜಾವಿಗೆ ಮಾತ್ರ ಇಟ್ಟುಕೊಳ್ಳಿ. ಹಾಳೆಯ ಮೇಲೆ ಹೆಪ್ಪುಗಟ್ಟಿದ ವಾಶ್‌ನಲ್ಲಿ ಜರಿಗಿಡದ ಎಲೆಯಂಥ ಚಿತ್ತಾರ ಮೂಡುತ್ತದೆ, ನೋಡಲು ಚೆಂದ. ಅದು ಕರಗುವಾಗ ಹಾಳೆ ಮಟ್ಟಸವಾಗಿರದಿದ್ದರೆ ಎಲ್ಲ ಒಂದು ಮೂಲೆಗೆ ಹರಿಯುತ್ತದೆ.

ಬೇಗ ಒಣಗುವುದನ್ನು ತಡೆಯಲು ಗ್ಲಿಸರಿನ್ ಉಂಟು: 30 ಮಿ.ಲೀ. ನೀರಿಗೆ ಎರಡೇ ಹನಿ. ಐದಾರು ಹನಿ ಹಾಕಿದರೆ ಚಿತ್ರ ದಿನಗಟ್ಟಲೆ ಅಂಟಂಟಾಗಿ ಪಕ್ಕದ ಹಾಳೆಗೆ ಹಿಡಿದುಕೊಳ್ಳುತ್ತದೆ. ಮೊದಲು ಹಾಳೆ ಚಿಕ್ಕದು ಮಾಡಿ ನೋಡಿ, ಇದು ಬೇಕೇ ಆಗಲಿಕ್ಕಿಲ್ಲ.

ಸಾಯಂಕಾಲದ ಒಣಗದ ಚಿತ್ರವನ್ನು ಡೇರೆಯೊಳಗೆ ಸ್ಟವ್ ಹಚ್ಚಿ ಒಣಗಿಸುವ ಯೋಚನೆ ಮಾಡಲೇಬೇಡಿ. ಮುಚ್ಚಿದ ಡೇರೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ತುಂಬಿ ಜೀವ ತೆಗೆಯುತ್ತದೆ. ಟಿಶ್ಯೂ ಕಾಗದ ಮೃದುವಾಗಿ ಒತ್ತಿ ತೇವ ತೆಗೆಯಿರಿ, ಸ್ವಲ್ಪ ಬಣ್ಣವೂ ಹೋಗುತ್ತದೆ, ಹೋಗಲಿ. ಅದಕ್ಕಿಂತ ಒಳ್ಳೆಯದು, ಸಂಜೆಗೆ ನೀರನ್ನೇ ಕೈಬಿಟ್ಟು ಪೆನ್ಸಿಲ್ ಮತ್ತು ಟಿಪ್ಪಣಿ ಹಿಡಿಯುವುದು.

ಅಲ್ಲೇ ಮುಗಿಸಬೇಕೆಂಬ ಮಾತಿಗೆ ಆಧಾರವಿಲ್ಲ. ಇಂಗ್ಲಿಷ್ ಚಿತ್ರಕಾರ ಟರ್ನರ್ 1802ರಲ್ಲಿ ಮೊದಲ ಬಾರಿ ಆಲ್ಪ್ಸ್‌ಗೆ ಹೋದಾಗ ಸ್ಥಳದಲ್ಲಿ ಮಾಡಿಕೊಂಡದ್ದು ಬಹುಪಾಲು ಪೆನ್ಸಿಲ್, ಸೀಮೆಸುಣ್ಣದ ಗುರುತುಗಳು. 1910–13ರ ಅಂಟಾರ್ಕ್ಟಿಕ ಯಾತ್ರೆಯಲ್ಲಿದ್ದ ವೈದ್ಯ, ಚಿತ್ರಕಾರ ಎಡ್ವರ್ಡ್ ವಿಲ್ಸನ್ ಹೊರಗೆ ಪೆನ್ಸಿಲಿನಲ್ಲಿ ಬರೆದು, ಬಣ್ಣಗಳ ಹೆಸರನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡು, ಗುಡಿಸಲಿಗೆ ಮರಳಿ ಜಲವರ್ಣ ಮಾಡುತ್ತಿದ್ದರು. ನೀವೂ ಒಂದು ಚುಟುಕು ಲಿಪಿ ಮಾಡಿಕೊಳ್ಳಿ: ಬಣ್ಣಕ್ಕೆ ಒಂದಕ್ಷರ (ಅ ಅಂದರೆ ಅಲ್ಟ್ರಾಮರೀನ್, ರೋ ಅಂದರೆ ರೋಸ್, ಸಿ ಅಂದರೆ ಸಿಯೆನ್ನಾ), ಗಾಢತೆಗೆ 1ರಿಂದ 5. "ನೆತ್ತಿ ಅ4, ಅಂಚು ಅ1, ದೂರದ ಸಾಲು ಅ+ರೋ 2, ಬಂಡೆ ಅ+ಸಿ 5, ಬೆಳಕು ಎಡದಿಂದ" ಎಂದು ಬರೆದಿಟ್ಟರೆ ರಾತ್ರಿಯೋ ಮರುದಿನವೋ ಬಣ್ಣ ತುಂಬಬಹುದು. ಮೊಬೈಲ್ ಫೋಟೊ ಆಕಾರಕ್ಕೆ ನೆರವಾಗುತ್ತದೆ, ಬಣ್ಣಕ್ಕೆ ನಂಬಬೇಡಿ. ಹಿಮ ಸರಿ ಮಾಡಲು ಹೋಗಿ ಅದು ಬಂಡೆಯನ್ನು ಕಪ್ಪು ಮಾಡುತ್ತದೆ.

ಇನ್ನು ನೀರು. 30 ಮಿ.ಲೀ. ಹಿಡಿಯುವ, ಬಿಗಿ ಮುಚ್ಚಳದ ಎರಡು ಪುಟ್ಟ ಡಬ್ಬಿ ಇರಲಿ, ಒಂದು ತೊಳೆಯಲು, ಒಂದು ಶುದ್ಧ ನೀರಿಗೆ. ಹಿಮನದಿಯಿಂದ ಇಳಿಯುವ ಹಾಲಿನ ಬಣ್ಣದ ನೀರಿನಲ್ಲಿ ಬಂಡೆ ತೇಯ್ದ ನುಣುಪು ಪುಡಿ ತುಂಬಿರುತ್ತದೆ. ಎಷ್ಟು ಹೊತ್ತು ಇಟ್ಟರೂ ಬೇಗ ತಿಳಿಯಾಗದು, ವಾಶ್ ಮಂಕಾಗುತ್ತದೆ. ಕುಡಿಯುವ ನೀರನ್ನೇ ಬಳಸಿ. ಬ್ರಶ್ಶನ್ನು ಪ್ರತಿ ಸಲ ಮೊದಲು ಬಟ್ಟೆಗೆ ಒರೆಸಿ ಆಮೇಲೆ ಅದ್ದಿದರೆ 30 ಮಿ.ಲೀ. ಒಂದು ಚಿತ್ರಕ್ಕೆ ಧಾರಾಳ. ತುದಿ ಚೂಪು ಮಾಡಲು ಬಾಯಿಗೆ ಇಡುವ ಅಭ್ಯಾಸವಿದ್ದರೆ ಬಿಡಿ. ಕೊಳೆ ನೀರನ್ನು ತೊರೆಗೆ ಚೆಲ್ಲಬೇಡಿ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳು ಜಲಚರಗಳಿಗೆ ವಿಷ. ಇಷ್ಟು ಕಡಿಮೆ ನೀರಾದರೆ ಚಿಂದಿ ಬಟ್ಟೆಗೆ ಹೀರಿಸಿ ಚೀಲದ ಹೊರಗೆ ಕಟ್ಟಿಕೊಂಡು ಹೊರಡಬಹುದು. ಮುಂದಿನ ನಿಲ್ದಾಣಕ್ಕೆ ಅದು ಒಣಗಿರುತ್ತದೆ, ಮತ್ತೆ ಅದೇ ಬಟ್ಟೆ ಬಳಸಿ.